ಕೋವಿಯ ಸದ್ದು: ಕುಟ್ಟದ ಅಂಚಿನಿಂದ ಒಂದು ಇತಿಹಾಸ

ಕೊಡಗಿನ ನಕಾಶೆಯನ್ನು ಮುಂದಿಟ್ಟುಕೊಂಡು ಗೋಣಿಕೊಪ್ಪಲಿನಿಂದ ತೆಂಕಣಕ್ಕೆ ಬೆರಳು ಸರಿಸುತ್ತ ಹೋದರೆ, ರಸ್ತೆ ಮುಗಿಯುವ ಮುನ್ನ ಸಿಗುವ ಕೊನೆಯ ದೊಡ್ಡ ಹೆಸರು ಕುಟ್ಟ. ಅಲ್ಲಿಂದ ಕೆಲವೇ ಕಿಲೋಮೀಟರು ನಡೆದರೆ ಕೇರಳದ ತೋಲ್ಪೆಟ್ಟಿ. ಒಂದು ಮಗ್ಗುಲಿಗೆ ನಾಗರಹೊಳೆಯ ಕಾಡು, ಇನ್ನೊಂದು ಮಗ್ಗುಲಿಗೆ ಬ್ರಹ್ಮಗಿರಿಯ ಸಾಲು, ನಡುವೆ ಕಾಫಿ ತೋಟ, ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಕಾಡಿಗೂ ತೋಟಕ್ಕೂ ನಡುವೆ ಗೋಡೆ ಎಂಬುದಿಲ್ಲ. ಹಂದಿ, ಕಡವೆ, ಆನೆ, ಒಮ್ಮೊಮ್ಮೆ ಹುಲಿಯೂ ಈ ಗಡಿಯನ್ನು ದಾಟಿ ಬರುತ್ತವೆ. ಆದ್ದರಿಂದ ಇಲ್ಲಿನ ಮನೆಗಳಲ್ಲಿ ಕೋವಿ ಎಂಬುದು ಬಹುಕಾಲದಿಂದ ಇದ್ದ ವಸ್ತು.

ಇಂಥ ಒಂದು ತೋಟದ ಜಗಲಿಯ ಮೇಲೆ ಕುಳಿತು ಒಬ್ಬ ಎಳೆಯ ಬೆಳೆಗಾರ ಹೀಗೆ ಕೇಳುತ್ತಾನೆ ಎಂದುಕೊಳ್ಳೋಣ: "ಹೊರದೇಶಗಳಲ್ಲಿ ಬೆಳೆ ತಿನ್ನುವ ಸಣ್ಣ ಪ್ರಾಣಿಗಳನ್ನು ಹೊಡೆಯಲು ಸಣ್ಣ ಬೋರಿನ ರೈಫಲ್ಲಿಗೆ ಸೈಲೆನ್ಸರ್ ಹಾಕಿಕೊಳ್ಳುತ್ತಾರಂತೆ. ನಮ್ಮ ಮನೆಯಲ್ಲೂ ಕೋವಿ ಇದೆ, ಹಂದಿಯ ಕಾಟವೂ ಇದೆ. ಕಡಿಮೆ ಬೆಲೆಗೆ ಮೊದಲನೆಯದಾಗಿ ಯಾವುದನ್ನು ಕೊಳ್ಳಬಹುದು?" ಪ್ರಶ್ನೆ ಅಂಗಡಿಯಲ್ಲಿ ಕೇಳುವಂಥದ್ದು. ಆದರೆ ಇದಕ್ಕೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ಕೊಡಗಿನ ಚರಿತ್ರೆಯಲ್ಲಿ ಸಿಗುತ್ತದೆ. ಈ ಲೇಖನದಲ್ಲಿ ಆ ಚರಿತ್ರೆಯನ್ನು ಸ್ಥೂಲವಾಗಿ ನೋಡುವ ಪ್ರಯತ್ನವಿದೆ.

ಸದ್ದಡಗಿಸುವ ಯಂತ್ರ ಬಂದ ಬಗೆ

ಮೊದಲು ಆ ವಸ್ತುವಿನ ವಿಚಾರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೆಷಿನ್‌ಗನ್ನನ್ನು ರೂಪಿಸಿದ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಎಂಬ ಅಮೆರಿಕಾ ಮೂಲದ ಎಂಜಿನಿಯರನ ಹೆಸರನ್ನು ಅನೇಕರು ಕೇಳಿರುತ್ತಾರೆ. ಆತನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್. ತಂದೆ ಜಗತ್ತಿನ ಅತಿ ಗದ್ದಲದ ಬಂದೂಕನ್ನು ಮಾಡಿದರೆ, ಮಗ 1909ರಲ್ಲಿ ಬಂದೂಕಿನ ಸದ್ದನ್ನು ಅಡಗಿಸುವ ಸಾಧನಕ್ಕೆ ಪೇಟೆಂಟ್ ಪಡೆದ. ಅಮೆರಿಕಾದ ಹವ್ಯಾಸಿ ರೇಡಿಯೋ ಸಂಘವನ್ನು 1914ರಲ್ಲಿ ಕಟ್ಟಿದವರಲ್ಲಿ ಇದೇ ಪರ್ಸಿ ಮ್ಯಾಕ್ಸಿಮ್ ಮುಖ್ಯನೆಂಬುದು ಪ್ರಸಾರ ಮಾಧ್ಯಮದ ನಂಟಿರುವ ನಮ್ಮಂಥವರಿಗೆ ಸ್ವಾರಸ್ಯದ ಸಂಗತಿ. ಮೋಟಾರು ವಾಹನದ ಸೈಲೆನ್ಸರು, ಬಂದೂಕಿನ ಸೈಲೆನ್ಸರು ಎರಡೂ ತತ್ತ್ವದಲ್ಲಿ ಅಣ್ಣತಮ್ಮಂದಿರು. ತೋಟದ ಜೀಪಿನ ಹೊಗೆಕೊಳವೆ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ.

ಈಡು ಹಾರಿದಾಗ ಮದ್ದು ಉರಿದು ಉಂಟಾದ ಬಿಸಿ ಅನಿಲ ನಳಿಗೆಯ ಬಾಯಿಂದ ಒಮ್ಮೆಲೇ ಹೊರನುಗ್ಗಿ ಗಾಳಿಗೆ ಬಡಿಯುತ್ತದೆ. ನಾವು ಕೇಳುವ ಢಂ ಎಂಬ ಸದ್ದಿನ ಬಹುಪಾಲು ಅದೇ. ನಳಿಗೆಯ ತುದಿಯಲ್ಲಿ ಅನಿಲಕ್ಕೆ ಹಿಗ್ಗಲು, ತಣಿಯಲು, ನಿಧಾನವಾಗಿ ಹೊರಹೋಗಲು ಎಡೆ ಮಾಡಿಕೊಟ್ಟರೆ ಸದ್ದು ತಗ್ಗುತ್ತದೆ. ಎಷ್ಟು ತಗ್ಗುತ್ತದೆ ಎಂಬಲ್ಲಿ ಸಿನಿಮಾಗಳು ನಮಗೆ ಸುಳ್ಳು ಹೇಳಿವೆ. ಸಾಮಾನ್ಯವಾಗಿ ಇಳಿಕೆ 20ರಿಂದ 35 ಡೆಸಿಬೆಲ್. ದೊಡ್ಡ ರೈಫಲ್ಲಿನ ಸದ್ದು 160 ಡೆಸಿಬೆಲ್ಲಿನ ಆಸುಪಾಸಿನಲ್ಲಿ ಇರುವುದರಿಂದ, ಅದನ್ನು ಕಳೆದ ಮೇಲೂ ಉಳಿಯುವುದು ಸಣ್ಣ ಸದ್ದೇನಲ್ಲ. ಇದಲ್ಲದೆ ಗುಂಡಿನದೇ ಆದ ಇನ್ನೊಂದು ಸದ್ದು ಇದೆ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು. ಅದನ್ನು ಮೀರಿ ಹೋಗುವ ಗುಂಡು ಚಾಟಿ ಬೀಸಿದಂಥ ಸದ್ದನ್ನು ದಾರಿಯುದ್ದಕ್ಕೂ ಮಾಡುತ್ತದೆ. ನಳಿಗೆಯ ತುದಿಗೆ ಏನು ಕಟ್ಟಿದರೂ ಅದು ಹೋಗುವುದಿಲ್ಲ. .22 ರೈಫಲ್ಲಿನ ನಿಧಾನಗತಿಯ ತೋಟಾಗಳು ಈ ಮಿತಿಯ ಕೆಳಗಿರುತ್ತವೆ. ಆದ್ದರಿಂದಲೇ ಆ ಸಣ್ಣ ರೈಫಲ್ಲಿನಲ್ಲಿ ಈ ಸಾಧನ ಹೆಚ್ಚು ಪರಿಣಾಮಕಾರಿ.

ಈ ವಸ್ತುವಿನ ಬಗ್ಗೆ ದೇಶದೇಶಗಳ ನಿಲುವು ಒಂದೇ ಆಗಿಲ್ಲ. ಅಮೆರಿಕಾ 1934ರ ಕಾನೂನಿನಿಂದ ಇದರ ಮೇಲೆ 200 ಡಾಲರು ತೆರಿಗೆ ಹೇರಿತು. ಆ ಕಾಲಕ್ಕೆ ಅದು ಒಂದು ಸಾಧಾರಣ ರೈಫಲ್ಲಿನ ಬೆಲೆಗಿಂತ ಬಹಳ ಹೆಚ್ಚು. 2025ರಲ್ಲಿ ಅಲ್ಲಿನ ಸಂಸತ್ತು ಮಾಡಿದ ಕಾನೂನಿನಂತೆ ಈ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಯಿತು, ನೋಂದಣಿ ಮಾತ್ರ ಉಳಿಯಿತು. ನಾರ್ವೆ, ಫಿನ್ಲೆಂಡ್‌ಗಳಲ್ಲಿ ಬೇಟೆಗಾರರು ಇದನ್ನು ಸಹಜವಾಗಿ ಬಳಸುತ್ತಾರೆ. ಬೇಟೆಗಾರನ ಕಿವಿ ಉಳಿಯುತ್ತದೆ, ನೆರೆಯವರಿಗೆ ತೊಂದರೆಯಿಲ್ಲ ಎಂಬುದು ಅಲ್ಲಿನ ವಾದ. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಒಂದು ದೇಶದ ಉಪಕರಣವನ್ನು ಇನ್ನೊಂದು ದೇಶಕ್ಕೆ ತರುವ ಮುನ್ನ, ಅದು ಯಾವ ಕೆಲಸವನ್ನು ಕೆಡಿಸುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ. ಕೊಡಗಿನಲ್ಲಿ ಕೋವಿಯ ಸದ್ದಿಗೆ ತನ್ನದೇ ಆದ ಕೆಲಸವಿತ್ತು.

ಕೋವಿ ಉಳಿದ ಕಥೆ

ಕೊಡಗಿನ ದೊರೆಗಳ ಕಾಲದಲ್ಲಿ ಜಮ್ಮಾ ಎಂಬ ಭೂಹಿಡುವಳಿಯ ಪದ್ಧತಿ ಇತ್ತು. ಜಮ್ಮಾ ಹಿಡುವಳಿದಾರನಿಗೆ ಭೂಮಿ ವಂಶಪಾರಂಪರ್ಯವಾಗಿ ಬರುತ್ತಿತ್ತು, ಕಂದಾಯವೂ ಕಡಿಮೆ. ಅದಕ್ಕೆ ಬದಲಾಗಿ ದೊರೆ ಕರೆದಾಗ ಆಯುಧ ಹಿಡಿದು ಬರಬೇಕು. ಅಂದರೆ ಗದ್ದೆಯೂ ಕೋವಿಯೂ ಒಂದೇ ಕರಾರಿನ ಎರಡು ಮುಖಗಳಾಗಿದ್ದವು. ಟಿಪ್ಪುವಿನ ಸೆರೆಯಿಂದ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರ ಮತ್ತೆ ರಾಜ್ಯ ಕಟ್ಟಿದ್ದು ಇಂಥ ರೈತ ಸೈನಿಕರ ಬಲದಿಂದಲೇ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮೂರು ವರ್ಷಗಳೊಳಗೆ, 1837ರಲ್ಲಿ, ಅಮರಸುಳ್ಯದ ರೈತರ ದಂಗೆ ಎದ್ದಿತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮಂಗಳೂರಿನವರೆಗೆ ನುಗ್ಗಿದ ಈ ದಂಗೆಯನ್ನು ಅಡಗಿಸುವಲ್ಲಿ ಕೊಡಗಿನ ದಿವಾನರೂ ಅವರ ಹಿಂದಿದ್ದ ಅನೇಕ ಕೊಡವರೂ ಕಂಪೆನಿಯ ಪಕ್ಷದಲ್ಲಿ ನಿಂತರು. ಕಂಪೆನಿ ಅವರಿಗೆ ಪದಕಗಳನ್ನು ಕೊಟ್ಟಿತು. ಈ ಅಧ್ಯಾಯವನ್ನು ಅಮರಸುಳ್ಯದ ಕಡೆಯಿಂದ ನೋಡಿದರೆ ಒಂದು ರೀತಿ ಕಾಣುತ್ತದೆ, ಮಡಿಕೇರಿಯ ಕಡೆಯಿಂದ ನೋಡಿದರೆ ಇನ್ನೊಂದು ರೀತಿ. ನಮ್ಮ ವಿಷಯಕ್ಕೆ ಬೇಕಾದ ಮಾತು ಇಷ್ಟೇ: ಮುಂದೆ ಸಿಕ್ಕ ಕೋವಿಯ ವಿನಾಯಿತಿಯ ಬೇರು ಈ ಸ್ವಾಮಿನಿಷ್ಠೆಯಲ್ಲಿದೆ. ಅದನ್ನು ಮರೆಮಾಚಿ ಕೋವಿಯ ಚರಿತ್ರೆಯನ್ನು ಬರೆಯಲಾಗದು.

1857ರ ಮಹಾದಂಗೆಯ ನಂತರ ಬ್ರಿಟಿಷರು ಇಂಡಿಯಾದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆಗಳನ್ನು ತಂದರು. ಆಗ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಉದ್ಯಾನ ಹೊತ್ತಿರುವುದು ಈತನ ಹೆಸರನ್ನೇ. 1861ರಲ್ಲಿ, ತಾನು ಅಧಿಕಾರ ಬಿಟ್ಟು ಊರಿಗೆ ಹೊರಡುವ ಹೊತ್ತಿಗೆ, ಈತ ಹೊರಡಿಸಿದ ಘೋಷಣೆಯಿಂದ ನಿಶ್ಶಸ್ತ್ರೀಕರಣದ ಕಾಯಿದೆ ಕೊಡಗಿಗೆ ಅನ್ವಯಿಸುವುದಿಲ್ಲವೆಂದಾಯಿತು. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ, ತವರಿಗೆ ಮರಳುವ ದಾರಿಯಲ್ಲಿ, ಸೂಯೆಜ್‌ನಲ್ಲಿ ಕಬ್ಬನ್ ತೀರಿಕೊಂಡ. ಅವನ ಘೋಷಣೆ ಮಾತ್ರ ಅವನ ಸರ್ಕಾರಕ್ಕಿಂತಲೂ ಹೆಚ್ಚು ಕಾಲ ಬಾಳಿತು.

1878ರಲ್ಲಿ ಇಂಡಿಯಾಕ್ಕೆಲ್ಲ ಅನ್ವಯಿಸುವ ಶಸ್ತ್ರ ಕಾಯಿದೆ ಬಂತು. ಸಾಮಾನ್ಯ ಪ್ರಜೆ ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳುವಂತಿಲ್ಲ ಎಂಬ ಈ ಕಾಯಿದೆ ದೇಶಕ್ಕೆ ಮಾಡಿದ ಅವಮಾನವೆಂದು ರಾಷ್ಟ್ರೀಯ ಚಳವಳಿಯ ನಾಯಕರು ಭಾವಿಸಿದರು. ಕಾಂಗ್ರೆಸ್ಸಿನ 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. ದೇಶವೆಲ್ಲ ಕಳೆದುಕೊಂಡದ್ದನ್ನು ಕೊಡಗು ಮಾತ್ರ ಉಳಿಸಿಕೊಂಡಿತ್ತು.

ಸ್ವಾತಂತ್ರ್ಯ ಬಂದ ಮೇಲೆ, 1956ರ ನವೆಂಬರ್ 1ರಂದು, ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಒಂದು ಜಿಲ್ಲೆಯಾಗಿ ಸೇರಿತು. ಹಳೆಯ ಕಾಯಿದೆಯ ಜಾಗಕ್ಕೆ 1959ರ ಶಸ್ತ್ರ ಕಾಯಿದೆ ಬಂದಿತು. ಅದರ 41ನೆಯ ಪ್ರಕರಣ ಸಾರ್ವಜನಿಕ ಹಿತಕ್ಕಾಗಿ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ಅದರಂತೆ 1963ರಲ್ಲಿ ಹೊರಟ ಅಧಿಸೂಚನೆಯಲ್ಲಿ ಕೊಡವ ಜನಾಂಗದವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು, ಎಂದರೆ ಜಮ್ಮಾ ಭೂಮಿಯುಳ್ಳ ಇತರ ಜಾತಿಯವರೂ ಸೇರಿ, ಪರವಾನಗಿಯ ನಿಯಮದಿಂದ ವಿನಾಯಿತಿ ಪಡೆದರು. ಜಿಲ್ಲೆಯ ಹೊರಗೆ ಹೋಗುವಾಗ ಒಂದು ರೈಫಲ್ಲು, ಅದಕ್ಕೆ 100 ತೋಟಾ, ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟಾ ಅಥವಾ ಅಷ್ಟೇ ಪ್ರಮಾಣದ ಚರೆ ಮತ್ತು ಮದ್ದು ಎಂದು ಮಿತಿ ಹಾಕಲಾಯಿತು. 2019ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧವೆಂದು ಹೂಡಿದ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟು 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಒಂದು ದಿನಾಂಕವನ್ನು ಓದುಗರು ಗಮನಿಸಬೇಕು. 1861ರಲ್ಲಿ ಸಿಕ್ಕದ್ದಕ್ಕೆ ಕೊನೆಯ ದಿನ ಎಂಬುದಿರಲಿಲ್ಲ, ಈಗ ಇದೆ. ಅಂದರೆ ವಿನಾಯಿತಿಯು ಮತ್ತೆ ಮತ್ತೆ ಪರಿಶೀಲನೆಗೆ ಒಳಗಾಗುವ ವಿಶ್ವಾಸದ ಮಾತಾಗಿದೆ. ಆ ವಿಶ್ವಾಸ ನಿಂತಿರುವುದು ಕೋವಿ ಇರುವವರ ನಡತೆಯ ಮೇಲೆ.

ಸದ್ದೇ ಸುದ್ದಿಯಾಗಿದ್ದಾಗ

ಕೊಡವ ಭಾಷೆಯಲ್ಲಿ ಕೋವಿಗೆ 'ತೋಕ್' ಎನ್ನುತ್ತಾರೆ. ಮುಂಗಾರಿನಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಒಂದು ಬಳ್ಳಿಯ ಹೂವಿಗೆ ಅಲ್ಲಿ 'ತೋಕ್ ಪೂ', ಅಂದರೆ ಕೋವಿ ಹೂ, ಎಂದೇ ಹೆಸರು. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಬರುವ ಕೈಲ್ ಪೊಳ್ದ್ ಅಥವಾ ಕೈಲ್ ಮುಹೂರ್ತದ ದಿನ ಮನೆಯ ಕೋವಿ, ಕತ್ತಿಗಳನ್ನು ತೊಳೆದು, ಗಂಧವಿಟ್ಟು, ಈ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಹಬ್ಬದ ಕಾಲವನ್ನು ಗಮನಿಸಿದರೆ ಅದರ ಅರ್ಥ ತಿಳಿಯುತ್ತದೆ. ನಾಟಿಯ ತಿಂಗಳುಗಳಲ್ಲಿ ಎಲ್ಲ ಕೈಗಳೂ ಗದ್ದೆಯಲ್ಲಿ ಬೇಕು, ಆದ್ದರಿಂದ ಆಯುಧಗಳು ಮನೆಯೊಳಗೆ ಇರುತ್ತವೆ. ನಾಟಿ ಮುಗಿದ ಮೇಲೆ ಬೆಳೆದು ನಿಲ್ಲುವ ಪೈರನ್ನು ಕಾಯಬೇಕು, ಆಗ ಕೋವಿ ಹೊರಗೆ ಬರುತ್ತದೆ. ಕಡಂಬುಟ್ಟು, ಪಂದಿಕರಿಯ ಊಟವಾದ ಮೇಲೆ ಊರ ಮಂದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ಊರಿನವರೆಲ್ಲ ನೋಡುತ್ತಿರುವಾಗ ಆಗುವ ಗುರಿಯ ಪರೀಕ್ಷೆ ಅದು.

ಪುತ್ತರಿಯ ಹುಣ್ಣಿಮೆಯ ರಾತ್ರಿ ಮೊದಲ ಕದಿರು ಕೊಯ್ಯುವಾಗಲೂ ಗದ್ದೆಯ ಬದುವಿನಿಂದ ಒಂದು ಈಡು ಹಾರುತ್ತದೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು. ಯಾರಾದರೂ ತೀರಿಕೊಂಡರೆ ಬೆನ್ನು ಬೆನ್ನಿಗೆ ಎರಡು. ಒಂದೊಂದು ಒಕ್ಕದ ಐನ್‌ಮನೆಯೂ ಇನ್ನೊಂದರಿಂದ ದೂರದ ಗುಡ್ಡದ ಮೇಲೆ, ನಡುವೆ ಗದ್ದೆ, ತೋಟ, ತೊರೆ. ದೂರವಾಣಿ ಇಲ್ಲದ ಆ ಕಾಲದಲ್ಲಿ ಎರಡು ಈಡು ಕೇಳಿದ ನೆರೆಯ ಮನೆಗಳವರು ಕೈಯ ಕೆಲಸ ಬಿಟ್ಟು ಸದ್ದು ಬಂದ ದಿಕ್ಕಿಗೆ ಹೊರಡುತ್ತಿದ್ದರು. ಸಾವಿನ ಮನೆಗೆ ಹೇಳಿಕಳಿಸದೆಯೇ ಜನ ಸೇರುತ್ತಿದ್ದರು.

ಹೀಗೆ ನೋಡಿದರೆ ಕೊಡಗಿನ ಕೋವಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಮಾತಾಡುವ ಕೆಲಸ ಮಾಡುತ್ತಿತ್ತು ಎನ್ನಬೇಕಾಗುತ್ತದೆ. ಬೆಳೆ ಕಾಯುವಲ್ಲಿಯೂ ಇದು ನಿಜ. ಗದ್ದೆಯ ಅಟ್ಟಣೆಯ ಮೇಲೆ ಕುಳಿತು ರಾತ್ರಿ ಕಾಯುವವನು ತಗಡಿನ ಡಬ್ಬ ಬಡಿಯುತ್ತಾನೆ, ಕೂಗು ಹಾಕುತ್ತಾನೆ, ಪಟಾಕಿ ಸಿಡಿಸುತ್ತಾನೆ, ಕೊನೆಗೆ ಆಕಾಶಕ್ಕೆ ಒಂದು ಈಡು ಹಾರಿಸುತ್ತಾನೆ. ಆನೆಯ ಹಿಂಡು ಹಿಂದಿರುಗುವುದು ಆ ಸದ್ದಿಗೆ. ಪಕ್ಕದ ಗದ್ದೆಯವನು ಎಚ್ಚೆತ್ತುಕೊಳ್ಳುವುದೂ ಅದಕ್ಕೇ. ಸದ್ದನ್ನು ತೆಗೆದುಬಿಟ್ಟರೆ ಅಲ್ಲಿ ಉಳಿಯುವುದು ಕೊಲ್ಲುವ ಕೆಲಸ ಒಂದೇ.

'ಪೀಡೆ' ಎಂಬ ಪಟ್ಟಿ

ಕಾಡುಪ್ರಾಣಿಯನ್ನು 'ಪೀಡೆ' ಎಂದು ಕರೆದು ಕೊಲ್ಲಿಸುವ ಪದ್ಧತಿಯನ್ನು ಸರ್ಕಾರದ ಮಟ್ಟಕ್ಕೆ ತಂದವರು ಬ್ರಿಟಿಷರು. ಹುಲಿ, ಚಿರತೆ, ಕಾಡುನಾಯಿಗಳನ್ನು ಕೊಂದವರಿಗೆ ಸರ್ಕಾರದಿಂದ ಬಹುಮಾನ ಸಿಗುತ್ತಿತ್ತು. ವ್ಯವಸಾಯ ಹಬ್ಬಬೇಕಾದರೆ ಇವು ಅಳಿಯಬೇಕು ಎಂಬುದು ಅಂದಿನ ಲೆಕ್ಕ. ಕೊಡಗಿನಲ್ಲಿ ಇದಕ್ಕೂ ಹಳೆಯದಾದ ಬೇರೊಂದು ಬಗೆಯಿತ್ತು. ಹುಲಿಯನ್ನು ಕೊಡವ ಭಾಷೆಯಲ್ಲಿ 'ನರಿ' ಎನ್ನುತ್ತಾರೆ. ಹುಲಿ ಕೊಂದವನಿಗೆ 'ನರಿ ಮಂಗಲ' ಎಂಬ ಶಾಸ್ತ್ರ ನಡೆಯುತ್ತಿತ್ತು. ಸತ್ತ ಹುಲಿಯ ಜೀವದೊಂದಿಗೆ ಅವನಿಗೆ ಮದುವೆಯ ರೀತಿಯ ವಿಧಿ. ಕೊಂದ ಪ್ರಾಣಿಯೊಂದಿಗೆ ಕೊಂದವನಿಗೆ ಒಂದು ಸಂಬಂಧ ಉಂಟಾಗುತ್ತದೆ ಎಂಬ ತಿಳಿವಳಿಕೆ ಇದರ ಹಿಂದೆ ಇದ್ದಂತೆ ತೋರುತ್ತದೆ. ಬಹುಮಾನದ ಪಟ್ಟಿಯಲ್ಲಿ ಆ ತಿಳಿವಳಿಕೆಗೆ ಜಾಗವಿರಲಿಲ್ಲ.

ಈ ಎರಡೂ ಕಾಲಗಳು ಮುಗಿದವು. ಕೊಡಗಿನ ಅರ್ಕೇರಿ, ಹತ್ತುಗಟ್ಟು, ನಾಲ್ಕೇರಿ ಕಾಡುಗಳನ್ನು ಸೇರಿಸಿ 1955ರಲ್ಲಿ ನಾಗರಹೊಳೆ ಅಭಯಾರಣ್ಯವಾಯಿತು. ಮುಂದೆ ಅದು ರಾಷ್ಟ್ರೀಯ ಉದ್ಯಾನವಾಗಿ ಬೆಳೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನೇರಮಾಡಿಕೊಳ್ಳಬೇಕು. ಕೊಡಗಿನವರಿಗೆ ಇರುವ ವಿನಾಯಿತಿ ಶಸ್ತ್ರ ಕಾಯಿದೆಯ ಪರವಾನಗಿಯಿಂದ ಮಾತ್ರ. ವನ್ಯಜೀವಿ ಕಾಯಿದೆಯಿಂದ ಯಾರಿಗೂ ವಿನಾಯಿತಿ ಇಲ್ಲ. ಮನೆಯಲ್ಲಿ ಕೋವಿ ಇಡುವುದು ಒಂದು, ಅದರಿಂದ ಕಾಡುಹಂದಿಯನ್ನು ಹೊಡೆಯುವುದು ಇನ್ನೊಂದು.

ಹಾಗೆಂದು ಕಾನೂನು ರೈತನ ಕಡೆ ಪೂರ್ತಿ ಕಣ್ಣು ಮುಚ್ಚಿಲ್ಲ. ಕಾಯಿದೆಯ 11ನೆಯ ಪ್ರಕರಣದಂತೆ, ಬೆಳೆಗೆ ಅಥವಾ ಜನರ ಪ್ರಾಣಕ್ಕೆ ಅಪಾಯ ತರುವ ಕೆಲವು ವರ್ಗದ ಪ್ರಾಣಿಗಳನ್ನು ಹೊಡೆಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಅನುಮತಿ ಕೊಡಬಹುದು. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅದು ಅಪರಾಧವಾಗದು. ಕುಟ್ಟದ ಗಡಿಯಾಚೆಗಿನ ಕೇರಳದಲ್ಲಿ 2022ರಲ್ಲಿ ಪಂಚಾಯತಿ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕಾಡುಹಂದಿಯ ವಿಚಾರದಲ್ಲಿ ಈ ಬಗೆಯ ಅಧಿಕಾರವನ್ನು ಕೊಡಲಾಯಿತು. ಒಂದೇ ಹಂದಿಯ ಹಿಂಡು ರಾತ್ರಿಯಲ್ಲಿ ಎರಡು ರಾಜ್ಯಗಳ ಎರಡು ವ್ಯವಸ್ಥೆಗಳ ನಡುವೆ ಓಡಾಡುತ್ತದೆ ಎಂಬುದು ಗಡಿಯೂರಿನ ವಿಚಿತ್ರ.

ಕಾಟ ಸುಳ್ಳಲ್ಲ. 2023ರ ಫೆಬ್ರವರಿಯಲ್ಲಿ ಕುಟ್ಟದ ಸಮೀಪದ ಕೆ. ಬಾಡಗ ಗ್ರಾಮದ ತೋಟದಲ್ಲಿ ಒಂದೇ ಕುಟುಂಬದ ಇಬ್ಬರು, ಒಬ್ಬ ಹುಡುಗ ಮತ್ತು ಒಬ್ಬ ಮುದುಕ, ಒಂದು ದಿನದ ಅಂತರದೊಳಗೆ ಹುಲಿಯ ಬಾಯಿಗೆ ಸಿಕ್ಕಿದರು. ಅರಣ್ಯ ಇಲಾಖೆಯವರು ಅರಿವಳಿಕೆ ಕೊಟ್ಟು ಆ ಹುಲಿಯನ್ನು ಸೆರೆ ಹಿಡಿದರು. ಸತ್ತವರು ತೋಟದ ಕೆಲಸಕ್ಕೆ ಬಂದಿದ್ದವರು. ತೋಟದ ಲೈನ್‌ಮನೆಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ ಬಾಳುವ ಯರವ, ಜೇನುಕುರುಬ ಕುಟುಂಬಗಳಿಗೆ ಜಮ್ಮಾ ಭೂಮಿಯೂ ಇಲ್ಲ, ಅದರ ಬೆನ್ನಿಗೆ ಬರುವ ಕೋವಿಯ ವಿನಾಯಿತಿಯೂ ಇಲ್ಲ. ಬೆಳಗಿನ ಮಂಜಿನಲ್ಲಿ ಕಾಫಿ ಗಿಡಗಳ ನಡುವೆ ಮೊದಲು ಕಾಲಿಡುವವರು ಮಾತ್ರ ಅವರೇ. ಆದ್ದರಿಂದ ತೋಟದೊಳಗೆ ಹಾರುವ ಪ್ರತಿ ಈಡಿನ ಪರಿಣಾಮವನ್ನು ಮೊದಲು ಉಣ್ಣುವವರೂ ಅವರೇ.

ಈ ಮಾತಿಗೆ ಕಾರಣವಿದೆ. ಸಣ್ಣ ಬೋರಿನ ಗುಂಡು ಮೊಲವನ್ನು ಉರುಳಿಸೀತು. ದಪ್ಪ ಚರ್ಮದ ಕಾಡುಹಂದಿಯನ್ನು ಒಮ್ಮೆಗೇ ಉರುಳಿಸುವುದು ಕಷ್ಟ. ಗಾಯಗೊಂಡ ಹಂದಿ ಪೊದೆಯೊಳಗೆ ಉಳಿಯುತ್ತದೆ, ಮಾರನೆಯ ಬೆಳಗ್ಗೆ ಕಳೆ ತೆಗೆಯಲು ಬಂದ ಹೆಂಗಸಿನ ಮೇಲೆ ಎರಗುತ್ತದೆ. ದೊಡ್ಡ ಪ್ರಾಣಿಯಾದರೆ ಇನ್ನೂ ಕೆಟ್ಟದ್ದು. ಕುಮಾವ್ ಸೀಮೆಯಲ್ಲಿ 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯ ಕೋರೆಹಲ್ಲುಗಳು ಹಳೆಯದೊಂದು ಗುಂಡೇಟಿನಿಂದ ಮುರಿದಿದ್ದವು. ಸಹಜವಾದ ಬೇಟೆ ಆಡಲಾಗದೆ ಅದು ಮನುಷ್ಯರ ಕಡೆ ತಿರುಗಿತ್ತು ಎಂಬುದು ಕಾರ್ಬೆಟ್ಟರ ಅಭಿಪ್ರಾಯ. ಯಾರೋ ಹಾರಿಸಿ ಮರೆತ ಒಂದು ಈಡಿಗೆ ನೂರಾರು ಮಂದಿ ಬೆಲೆ ತೆತ್ತರು.

ಊರ ಬೇಟೆ ನಡೆಯುತ್ತಿದ್ದ ಕಾಲದಲ್ಲಿ ಗಾಯಗೊಂಡ ಪ್ರಾಣಿಯನ್ನು ಅರ್ಧದಲ್ಲಿ ಬಿಡುವುದು ಸುಲಭವಿರಲಿಲ್ಲ. ಬೇಟೆ ಹತ್ತಾರು ಜನರದ್ದು. ಈಡು ಯಾರದು, ಎಲ್ಲಿ ಬಿತ್ತು ಎಂಬುದು ಎಲ್ಲರಿಗೂ ಕೇಳುತ್ತಿತ್ತು. ಹೊಡೆದವನಿಗೆ ಇಷ್ಟು, ನಾಯಿಗೆ ಇಷ್ಟು ಎಂದು ಪಾಲು ಹಂಚುವುದೂ ಎಲ್ಲರ ಎದುರಿನಲ್ಲೇ. ಕಾನೂನು ಅದನ್ನು ನಿಲ್ಲಿಸಿದ್ದು ಸರಿಯೆಂದೇ ಒಪ್ಪಿಕೊಂಡರೂ, ಅದರಲ್ಲಿದ್ದ ಒಂದು ಗುಣವನ್ನು ನೆನೆಯಬೇಕು: ಕೋವಿ ಹಾರಿಸಿದವನು ಊರಿಗೆ ಉತ್ತರ ಹೇಳಬೇಕಾಗಿತ್ತು.

ಪ್ರಶ್ನೆಗೆ ಉತ್ತರ

ಈಗ ಜಗಲಿಯ ಪ್ರಶ್ನೆಗೆ ಬರೋಣ. ಕಡಿಮೆ ಬೆಲೆಯ ಮೊದಲ ಸೈಲೆನ್ಸರ್ ಯಾವುದು?

ಮೊದಲ ಉತ್ತರ ಕಾನೂನಿನದು. 1959ರ ಶಸ್ತ್ರ ಕಾಯಿದೆ 'ಬಂದೂಕು' ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿಯೇ, ಹಾರಿಸಿದಾಗ ಆಗುವ ಸದ್ದನ್ನು ಅಥವಾ ಬೆಳಕನ್ನು ಕುಗ್ಗಿಸುವ ಉಪಕರಣಗಳೂ ಸೇರಿವೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಆ ಕೊಳವೆಯೇ ಒಂದು ಬಂದೂಕು. 1962ರ ಶಸ್ತ್ರ ನಿಯಮಗಳು ಇಂಥ ಉಪಕರಣಗಳನ್ನು ಅತ್ಯಂತ ಬಿಗಿಯಾದ ಮೊದಲನೆಯ ವರ್ಗದಲ್ಲಿ, ಸೈನ್ಯದ ಗುಂಡು ಹಾರಿಸಬಲ್ಲ ರೈಫಲ್ಲುಗಳ ಸಾಲಿನಲ್ಲಿ ಇಟ್ಟವು. ಪರವಾನಗಿಯಿಲ್ಲದೆ ಇದನ್ನು ತಯಾರಿಸುವುದು, ಮಾರುವುದು, ಹೊರದೇಶದಿಂದ ತರಿಸುವುದು ಅಪರಾಧ. ಪಟ್ಟಣದ ಲೇತ್ ಅಂಗಡಿಯಲ್ಲಿ ಮಾಡಿಸಿಕೊಂಡರಾಯಿತು ಎಂದು ಯಾರಾದರೂ ಸಲಹೆ ಕೊಟ್ಟರೆ, ಅವರು ಕೊಡುತ್ತಿರುವುದು ಜೈಲಿನ ದಾರಿ. ಕೊಡಗಿನ ವಿನಾಯಿತಿ ತನ್ನನ್ನು ಕಾಯುತ್ತದೆ ಎಂದು ನೆಚ್ಚಿಕೊಳ್ಳುವುದೂ ತರವಲ್ಲ. ಮನೆತನದ ಕೋವಿಗಾಗಿ ಸಿಕ್ಕ ವಿಶ್ವಾಸವನ್ನು ಇಂಥದಕ್ಕೆ ಹಿಗ್ಗಿಸಹೊರಟರೆ ಇದ್ದದ್ದಕ್ಕೂ ಕುತ್ತು ಬಂದೀತು.

ಎರಡನೆಯ ಉತ್ತರ ಕಾಡಿನದು. ನಾಗರಹೊಳೆಯಂಥ ಕಾಡಿನಲ್ಲಿ ಕಳ್ಳಬೇಟೆ ತಡೆಯುವ ಶಿಬಿರಗಳ ಕಾವಲುಗಾರರಿಗೆ ರಾತ್ರಿಯ ಹೊತ್ತು ಕಣ್ಣಿಗಿಂತ ಕಿವಿಯೇ ಹೆಚ್ಚು ಆಸರೆ. ದೂರದಲ್ಲಿ ಒಂದು ಈಡು ಕೇಳಿದರೆ ದಿಕ್ಕು ಹಿಡಿದು ಹೊರಡುತ್ತಾರೆ. ಕಳ್ಳಬೇಟೆಗಾರರು ಉರುಳನ್ನು ಇಷ್ಟಪಡುವುದು ಅದಕ್ಕೆ ಸದ್ದಿಲ್ಲ ಎಂಬ ಕಾರಣಕ್ಕೇ. ಕಾಫಿ ತೋಟದ ಬೇಲಿಯಲ್ಲಿ ಹಂದಿಗೆಂದು ಒಡ್ಡಿದ ತಂತಿಯ ಉರುಳಿಗೆ ಚಿರತೆ, ಹುಲಿಗಳು ಸಿಕ್ಕಿ ಸತ್ತ ಘಟನೆಗಳು ಕೊಡಗಿಗೆ ಹೊಸತಲ್ಲ. ಕೋವಿಯೂ ಸದ್ದು ಬಿಟ್ಟರೆ ಅದು ಉರುಳಿನ ಸಾಲಿಗೆ ಸೇರುತ್ತದೆ. ಆಗ ಪ್ರಾಮಾಣಿಕ ಬೆಳೆಗಾರನ ಕೋವಿಗೂ ಕಳ್ಳನ ಕೋವಿಗೂ ವ್ಯತ್ಯಾಸ ತಿಳಿಯುವುದು ಹೇಗೆ?

ಮೂರನೆಯ ಉತ್ತರ ಕಿವಿಯದು. ಸದ್ದಿನಿಂದ ಕಿವಿ ಕೆಡುತ್ತದೆ ಎಂಬ ಮಾತು ನಿಜ. 140 ಡೆಸಿಬೆಲ್ ಮೀರಿದ ಸಿಡಿತದ ಸದ್ದು ಒಮ್ಮೆಗೇ ಹಾನಿ ಮಾಡಬಲ್ಲದು, ಟ್ವೆಲ್ವ್ ಬೋರ್ ಕೋವಿಯ ಸದ್ದು ಆ ಗೆರೆಯ ಮೇಲಿದೆ. ಹಬ್ಬದ ಗುರಿ ಪಂದ್ಯದಲ್ಲಿ ಒಂದರ ಹಿಂದೆ ಒಂದು ಈಡು ಹಾರುವಾಗ ಪಕ್ಕದಲ್ಲಿ ಮಕ್ಕಳೂ ನಿಂತಿರುತ್ತಾರೆ. ಇದಕ್ಕೆ ಕಡಿಮೆ ಬೆಲೆಯ, ಕಾನೂನಿಗೆ ಒಪ್ಪುವ ಸಾಧನ ಇದ್ದೇ ಇದೆ. ಕಾರ್ಖಾನೆಯ ಕೆಲಸಗಾರರು ಬಳಸುವ ಕಿವಿಬೆಣೆ ಅಥವಾ ಕಿವಿಯ ಮೇಲೆ ಕೂರುವ ಮುಚ್ಚಳ ಸರಿಯಾಗಿ ಹಾಕಿಕೊಂಡರೆ 20ರಿಂದ 30 ಡೆಸಿಬೆಲ್ ತಡೆಯುತ್ತದೆ. ಸಾವಿರಾರು ರೂಪಾಯಿಯ ಕೊಳವೆ ಕೊಡುವಷ್ಟೇ ರಕ್ಷಣೆ ಇದು. ಎರಡನ್ನೂ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಮೊದಲ ಸೈಲೆನ್ಸರ್ ಯಾವುದು ಎಂದು ಕೇಳಿದವನಿಗೆ ಇದನ್ನು ಧೈರ್ಯವಾಗಿ ಹೇಳಬಹುದು: ನಳಿಗೆಗೆ ಬೇಡ, ಕಿವಿಗೆ ಹಾಕಿಕೊಳ್ಳಿ.

ಇನ್ನು ಹಂದಿ? ಅದಕ್ಕೆ ಬೇಕಾದದ್ದು ಗುಟ್ಟಾಗಿ ಮಾಡುವ ಕೆಲಸವಲ್ಲ, ಬಹಿರಂಗವಾಗಿ ಮಾಡುವ ಕೆಲಸ. ಬೆಳೆನಷ್ಟಕ್ಕೆ ಅರ್ಜಿ ಹಾಕುವುದು, ಹಾನಿಯ ದಾಖಲೆ ಇಡುವುದು, ಅನುಮತಿ ಬೇಕಾದರೆ ಊರಿನವರು ಒಟ್ಟಾಗಿ ಇಲಾಖೆಯ ಮುಂದೆ ಕೇಳುವುದು, ಬೇಲಿಯನ್ನು ಹಂಚಿಕೊಂಡು ಹಾಕುವುದು, ಸರದಿಯ ಮೇಲೆ ಕಾವಲು ಕೂರುವುದು. ಈ ದಾರಿ ನಿಧಾನ. ಅರ್ಜಿಗಳು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಒಂದು ಬೆಳೆ ಕಳೆದಿರುತ್ತದೆ ಎಂಬ ರೈತನ ಸಿಟ್ಟು ನ್ಯಾಯವಾದದ್ದು. ಸರ್ಕಾರ ಆ ಸಿಟ್ಟನ್ನು ಕೇಳಿಸಿಕೊಳ್ಳಬೇಕು. ಕೋವಿಯ ವಿನಾಯಿತಿ ಕೊಡುವುದಕ್ಕಿಂತ ಕಷ್ಟದ ಕೆಲಸ ಅದು, ಆದರೆ ಕೋವಿಯಿಲ್ಲದ ಲೈನ್‌ಮನೆಯವರನ್ನೂ ಒಳಗೊಳ್ಳುವ ಕೆಲಸ ಅದೊಂದೇ.

2029 ದೂರವಿಲ್ಲ. ವಿನಾಯಿತಿ ಮತ್ತೆ ಚರ್ಚೆಗೆ ಬಂದಾಗ, ನೂರೈವತ್ತು ವರ್ಷಗಳಿಗೂ ಮಿಕ್ಕಿ ಮನೆಯಲ್ಲಿಟ್ಟುಕೊಂಡ ಕೋವಿಯನ್ನು ಹೇಗೆ ನಡೆಸಿಕೊಂಡಿರಿ ಎಂಬ ಪ್ರಶ್ನೆ ಏಳುತ್ತದೆ. ಹುಟ್ಟಿಗೆ ಒಂದು, ಸಾವಿಗೆ ಎರಡು, ಸುಗ್ಗಿಗೆ ಒಂದು ಎಂದು ಊರಿಗೆಲ್ಲ ಕೇಳುವಂತೆ ಹಾರಿಸಿದೆವು ಎಂದು ಕೊಡಗು ಉತ್ತರ ಹೇಳಬಲ್ಲದು. ಕುಟ್ಟದ ಜಗಲಿಯ ಮೇಲೆ ಕುಳಿತ ಯುವಕನ ಮನೆಯ ಗೋಡೆಯ ಮೇಲೂ ಅಂಥದೇ ಒಂದು ಕೋವಿ ತೂಗುತ್ತಿದೆ. ಮುಂದಿನ ಕೈಲ್ ಮುಹೂರ್ತಕ್ಕೆ ಅದನ್ನು ಇಳಿಸಿ, ಎಣ್ಣೆ ಹಾಕಿ, ತೋಕ್ ಪೂ ಸಿಕ್ಕಿಸುವಾಗ ಅವನು ಅದರ ಸದ್ದನ್ನು ಹಾಗೆಯೇ ಬಿಡಲಿ.